ಐದು ನಿಮಿಷದ ಬಾಟಲಿ: ಏಳನೇ ತರಗತಿಯ ಒಂದು ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

"ಮಿಸ್, ನಮ್ ಬಾಟ್ಲಿ ಸುಳ್ಳು ಹೇಳ್ತಿದೆ."

ಹೀಗೆ ದೂರು ತಂದ ಹುಡುಗನ ಕೈಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ಇತ್ತು. ತಳದ ಹತ್ತಿರ ಒಂದು ತೂತು. ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ಎಳೆದ ಐದು ಗೆರೆ. ತೂತಿಗೆ ಬೆರಳು ಒತ್ತಿ, ಅದರಿಂದ 20 ಸೆಂಟಿಮೀಟರ್ ಎತ್ತರದವರೆಗೆ ನೀರು ತುಂಬಬೇಕು. ಬೆರಳು ತೆಗೆದರೆ ನೀರು ಇಳಿಯುತ್ತದೆ. ಒಂದು ಗೆರೆ ದಾಟಿದರೆ ಒಂದು ನಿಮಿಷ, ಐದನೇ ಗೆರೆ ಮುಟ್ಟಿದರೆ ಐದು ನಿಮಿಷ. ಇದು ಅವರ ಲೆಕ್ಕ.

ಗೆರೆ ಎಳೆದ ರೀತಿಯಲ್ಲೂ ಜಾಣತನ ಇತ್ತು. ಮೊದಲ ನಿಮಿಷದಲ್ಲಿ ನೀರು 3.8 ಸೆಂಟಿಮೀಟರ್ ಇಳಿಯುವುದನ್ನು ಸ್ಟಾಪ್‌ವಾಚ್ ಹಿಡಿದು ನೋಡಿಕೊಂಡಿದ್ದರು. ಹಾಗಾದರೆ ಪ್ರತಿ ನಿಮಿಷಕ್ಕೂ 3.8, ಅಲ್ವಾ? ಸ್ಕೇಲ್ ಇಟ್ಟು ಸಮನಾಗಿ ಐದು ಗೆರೆ ಹಾಕಿದರು. ಆಮೇಲೆ ಪರೀಕ್ಷೆಗೆ ಕೂತರು. ಮೊದಲ ಗೆರೆ ಸರಿಯಾಗಿ 1 ನಿಮಿಷ. ಎರಡನೆಯದು 2 ನಿಮಿಷ 8 ಸೆಕೆಂಡ್. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೆಯದು 3 ನಿಮಿಷ 27 ಸೆಕೆಂಡ್. ಈಗ ಮುಖ ಮುಖ ನೋಡಿಕೊಂಡರು. ನಾಲ್ಕನೆಯದು 5 ನಿಮಿಷವನ್ನೇ ದಾಟಿತು. ಐದನೇ ಗೆರೆಗೆ ನೀರು ಬರುವಷ್ಟರಲ್ಲಿ ಏಳೂ ಮುಕ್ಕಾಲು ನಿಮಿಷ ಆಗಿತ್ತು.

ನಾನು ಇಲ್ಲಿ ಬರೆಯುತ್ತಿರುವುದು ಆ ಎರಡೂ ಮುಕ್ಕಾಲು ನಿಮಿಷದ ವ್ಯತ್ಯಾಸದ ಕಥೆ. ನನ್ನ ತರಗತಿಯಲ್ಲಿ ಆ ವರ್ಷ ನಿಜವಾದ ಕುತೂಹಲ ಹುಟ್ಟಿದ್ದು ಅಲ್ಲಿಂದ. ಅದನ್ನು ನಾನು ಹೆಚ್ಚೂಕಡಿಮೆ ಕೊಂದೇ ಬಿಟ್ಟಿದ್ದೆ ಅನ್ನುವುದೂ ಅದೇ ಕಥೆಯ ಭಾಗ.

ಮೊದಲ ದಿನ: 41 ಪ್ರಶ್ನೆ, ಒಂದಕ್ಕೂ ಜೀವ ಇಲ್ಲ

ತರಗತಿಯಲ್ಲಿ 36 ಮಕ್ಕಳು, ಆರು ಗುಂಪು. ಪ್ರಾಜೆಕ್ಟ್ ಸರಳವಾಗಿತ್ತು: ಗಡಿಯಾರದ ಸಹಾಯ ಇಲ್ಲದೆ ಐದು ನಿಮಿಷ ಅಳೆಯುವ ಸಾಧನ ಮಾಡಿ, ಪ್ರತಿ ನಿಮಿಷಕ್ಕೂ ಒಂದು ಗುರುತು ಇರಲಿ. ಏನು ಬಳಸಬೇಕು ಅನ್ನುವುದು ಅವರ ಆಯ್ಕೆ. ಎರಡು ಗುಂಪು ನೀರು ತೆಗೆದುಕೊಂಡವು, ಎರಡು ಗುಂಪು ಲೋಲಕ, ಒಂದು ಮರಳು. ಆರನೇ ಗುಂಪಿನವರು ಮೇಣದಬತ್ತಿ ಕೇಳಿದರು. ನಾನು ಪಕ್ಕದಲ್ಲೇ ನಿಲ್ಲುವ ಷರತ್ತಿನ ಮೇಲೆ ಒಪ್ಪಿಕೊಂಡೆ. ಎಂಟು ಪೀರಿಯಡ್‌ನಲ್ಲಿ ಮುಗಿಸಬೇಕು ಅಂತ ಅಂದುಕೊಂಡಿದ್ದೆ.

ಶುರುವಿನಲ್ಲೇ ಪ್ರಶ್ನೆ ಕೇಳಿಸಬೇಕು ಅಂತ ನಾನು ಓದಿದ್ದೆ. ಪ್ರಾಜೆಕ್ಟ್ ಕಲಿಕೆಯ ತರಬೇತಿಗಳಲ್ಲಿ ಇದನ್ನು ಒತ್ತಿ ಹೇಳುತ್ತಾರೆ. ಹಾಗಾಗಿ ಬೋರ್ಡಿನ ಮೇಲೆ ದೊಡ್ಡದಾಗಿ "ಸಮಯವನ್ನು ಅಳೆಯುವುದು ಹೇಗೆ?" ಅಂತ ಬರೆದೆ. ಮನಸ್ಸಿಗೆ ಬಂದ ಪ್ರಶ್ನೆಯನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಅಂದೆ. ಹತ್ತು ನಿಮಿಷದಲ್ಲಿ 41 ಚೀಟಿ ಬಂದವು. ನನಗೆ ಖುಷಿಯೋ ಖುಷಿ. ಸಂಜೆ ಕೂತು ಓದಿದಾಗ ಖುಷಿ ಇಳಿಯಿತು.

ಗಡಿಯಾರ ಕಂಡುಹಿಡಿದವರು ಯಾರು? ಮೊದಲ ಗಡಿಯಾರ ಯಾವ ದೇಶದಲ್ಲಿ ಮಾಡಿದರು? ಒಂದು ದಿನಕ್ಕೆ ಎಷ್ಟು ಸೆಕೆಂಡ್? ಇಂಥವೇ ಜಾಸ್ತಿ. ಇವು ಕೆಟ್ಟ ಪ್ರಶ್ನೆಗಳಲ್ಲ. ಆದರೆ ಕೇಳಿದ ಮಗುವಿಗೇ ಉತ್ತರ ಬೇಕಿರಲಿಲ್ಲ. ಮರುದಿನ "ಇದು ಯಾರ ಪ್ರಶ್ನೆ?" ಅಂತ ಒಂದೊಂದೇ ಚೀಟಿ ಎತ್ತಿ ಹಿಡಿದೆ. ಅರ್ಧಕ್ಕರ್ಧ ಚೀಟಿಗಳಿಗೆ ಯಜಮಾನರೇ ಇರಲಿಲ್ಲ. ಮಿಸ್ ಕೇಳಿದರು, ಕೊಟ್ಟೆವು. ಅಷ್ಟೇ. ನಾನು ಹೋಮ್‌ವರ್ಕ್ ಕೇಳಿದ್ದರೂ ಅದೇ ಮುಖದಲ್ಲಿ ಕೊಡುತ್ತಿದ್ದರು.

ಆಗ ನನಗೆ ಇದು ಮಕ್ಕಳ ದೋಷ ಅನ್ನಿಸಿತ್ತು. ಈಗಿನ ಮಕ್ಕಳಿಗೆ ಕುತೂಹಲವೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ನಾವು ಹೇಳಿಕೊಳ್ಳುತ್ತೇವಲ್ಲ, ಅದನ್ನೇ ನಾನೂ ಹೇಳಿದೆ. ತಪ್ಪು ನನ್ನದು ಅಂತ ಗೊತ್ತಾಗಿದ್ದು ಆಮೇಲೆ. ಅವರು ಇನ್ನೂ ಏನನ್ನೂ ಮುಟ್ಟಿರಲಿಲ್ಲ. ಯಾವುದರ ಬಗ್ಗೆ ಕೇಳಬೇಕು?

ಅಮೆರಿಕದ ಸಂಶೋಧಕ ಜಾರ್ಜ್ ಲೊವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಒಂದು ವಿವರಣೆ ಕೊಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಕಂದಕ ಕಂಡಾಗ ಕುತೂಹಲ ಹುಟ್ಟುತ್ತದೆ ಅನ್ನುವುದು ಅದರ ಸಾರ. ಕಂದಕ ಕಾಣಬೇಕಾದರೆ ಈಚೆ ದಡದಲ್ಲಾದರೂ ನಿಂತಿರಬೇಕು. ಏನೂ ಗೊತ್ತಿಲ್ಲದವನಿಗೆ ಏನು ಗೊತ್ತಿಲ್ಲ ಅನ್ನುವುದೂ ಗೊತ್ತಿರುವುದಿಲ್ಲ. ನನ್ನ ಮಕ್ಕಳು ಮೊದಲ ದಿನ ದಡಕ್ಕೇ ಬಂದಿರಲಿಲ್ಲ. 3.8 ಅನ್ನುವ ಒಂದು ಅಂಕಿ ಕೈಗೆ ಬಂದು, ಅದರ ಮೇಲೆ ನಂಬಿಕೆ ಇಟ್ಟು, ಆ ನಂಬಿಕೆ ಮುರಿದ ಮೇಲೆ ಬಂದರು.

ನಾನು ಬಾಯಿ ಬಿಟ್ಟೆ

ಬಾಟಲಿ ಸುಳ್ಳು ಹೇಳ್ತಿದೆ ಅಂತ ಬಂದ ಹುಡುಗನಿಗೆ ನಾನು ಏನು ಹೇಳಬೇಕಿತ್ತು? ಸುಮ್ನೆ "ಹೌದಾ? ತೋರಿಸು" ಅಂದಿದ್ದರೆ ಸಾಕಿತ್ತು. ಆದರೆ ಅವತ್ತು ಮೇಣದಬತ್ತಿಯವರ ಪಕ್ಕ ನಿಂತಿದ್ದೆ, ಗಮನ ಅಲ್ಲಿತ್ತು. ತಿರುಗಿ ನೋಡದೆಯೇ ಹೇಳಿಬಿಟ್ಟೆ: "ನೀರು ಕಡಿಮೆ ಆದ ಹಾಗೆ ಒತ್ತಡ ಕಡಿಮೆ ಆಗುತ್ತೆ ಕಣೋ, ಅದಕ್ಕೇ."

"ಓ, ಒತ್ತಡನಾ," ಅಂದ. ಹೋಗಿ ಪುಸ್ತಕದಲ್ಲಿ ಬರೆದುಕೊಂಡ. ಪುಸ್ತಕ ಮುಚ್ಚಿದ. ಗುಂಪಿನ ಉಳಿದವರೂ ತಲೆಯಾಡಿಸಿದರು. ಐದು ನಿಮಿಷದ ಹಿಂದೆ ಬಾಟಲಿ ಸುತ್ತ ಕೂತು ಜಗಳ ಆಡುತ್ತಿದ್ದ ಆರು ಮಕ್ಕಳು ಈಗ ಚಾರ್ಟಿಗೆ ಬಣ್ಣ ಹಚ್ಚಲು ಶುರು ಮಾಡಿದರು.

ಮಾರನೇ ದಿನ ಕೇಳಿದೆ: "ಒತ್ತಡ ಅಂದರೆ ಏನೋ?" "ಪ್ರೆಷರ್, ಮಿಸ್." "ಅದು ಕಡಿಮೆ ಆದರೆ ನೀರು ಯಾಕೆ ನಿಧಾನ ಆಗಬೇಕು?" ಉತ್ತರ ಇಲ್ಲ. ನಾನು ಕೊಟ್ಟಿದ್ದು ಉತ್ತರ ಅಲ್ಲ, ಒಂದು ಮುಚ್ಚಳ. ಪಾತ್ರೆಯಲ್ಲಿ ಏನಿದೆ ಅಂತ ನೋಡುವ ಮೊದಲೇ ಮುಚ್ಚಿಬಿಟ್ಟಿದ್ದೆ. ನನ್ನ ಉತ್ತರ ಸರಿಯಾಗಿಯೇ ಇತ್ತು ಅನ್ನುವುದು ಇದರ ತಮಾಷೆ. ತಪ್ಪು ಉತ್ತರ ಕೊಟ್ಟಿದ್ದರೆ ಬಹುಶಃ ಇಷ್ಟು ಹಾನಿ ಆಗುತ್ತಿರಲಿಲ್ಲ, ಯಾರಾದರೂ ಒಬ್ಬರು ಅಡ್ಡ ಮಾತಾಡುತ್ತಿದ್ದರು.

ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಅಳಿಸಿ ಅನ್ನುವ ಹಾಗಿಲ್ಲ. ನಾನು ಮಾಡಿದ್ದು ಇಷ್ಟು: "ನಾನು ಹೇಳಿದ್ದು ಸರಿ ಅಂತ ನೀವ್ಯಾಕೆ ನಂಬಿದಿರಿ? ಬೇರೆ ಏನೂ ಕಾರಣ ಇರೋಕೆ ಸಾಧ್ಯ ಇಲ್ವಾ?"

ಕೇಳಿ ಸುಮ್ಮನಾದೆ. ಈ ಸುಮ್ಮನಾಗುವುದು ನನಗೆ ಬಹಳ ಕಷ್ಟ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಮೂರು ಸೆಕೆಂಡ್ ಕಾದರೆ ಸಾಕು, ಮಕ್ಕಳ ಉತ್ತರ ಉದ್ದ ಆಗುತ್ತಿತ್ತು, ಹೆಚ್ಚು ಮಕ್ಕಳು ಬಾಯಿ ಬಿಡುತ್ತಿದ್ದರು, ಅವರೇ ಪ್ರಶ್ನೆ ಕೇಳುವುದೂ ಹೆಚ್ಚುತ್ತಿತ್ತು. ಮೂರು ಸೆಕೆಂಡ್ ಏನು ಮಹಾ ಅನ್ನಿಸಬಹುದು. 36 ಜೊತೆ ಕಣ್ಣಿನ ಮುಂದೆ ನಿಂತು ಮನಸ್ಸಲ್ಲೇ ಎಣಿಸಿ ನೋಡಿ. ಅದು ಒಂದು ಗಳಿಗೆಯಷ್ಟು ಉದ್ದ ಅನ್ನಿಸುತ್ತದೆ. ಗಳಿಗೆ ಅಂದರೆ 24 ನಿಮಿಷ. ಗಳಿಗೆ ಬಟ್ಟಲು ಅನ್ನುವ ಹಳೆಯ ಸಾಧನ ಇದನ್ನೇ ಅಳೆಯುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲು, ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ತುಂಬಿ ಮುಳುಗುತ್ತಿತ್ತು.

ಕಾದಿದ್ದಕ್ಕೆ ಫಲ ಸಿಕ್ಕಿತು. ಮೊದಲು ಒಬ್ಬ: "ತೂತಲ್ಲಿ ಕಸ ಸಿಕ್ಕಿರಬಹುದು." ಇನ್ನೊಬ್ಬಳು: "ಬಾಟಲಿ ಮೈ ಉಂಗುರ ಉಂಗುರ ಇದೆ, ಅದಕ್ಕೆ ಅಳತೆ ತಪ್ಪಿದೆ." ಮೂರನೆಯವನು ಸ್ಟಾಪ್‌ವಾಚ್ ಹಿಡಿದಿದ್ದ ಗೆಳೆಯನ ಕಡೆ ಬೆರಳು ತೋರಿಸಿದ: "ಇವನೇ ಲೇಟಾಗಿ ಒತ್ತಿದ್ದಾನೆ." ಗಲಾಟೆ ಮತ್ತೆ ಶುರುವಾಯಿತು. ನನಗೆ ನೆಮ್ಮದಿ ಆಯಿತು.

ಒಂದೊಂದೇ ಕಾರಣ ಬಿದ್ದುಹೋದದ್ದು

ಇಲ್ಲಿ ನಾನು ಒಂದು ಪೀರಿಯಡ್‌ನ ಅರ್ಧ ಭಾಗ ನೇರವಾಗಿ ಪಾಠ ಮಾಡಿದೆ. ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಇಟ್ಟು ಓದುವುದು. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಯಿಸುವುದು. ಮೂರು ಸಲ ಅಳೆಯುವುದು. ಅಂಕಿಗಳನ್ನು ಕೋಷ್ಟಕದಲ್ಲಿ ಬರೆಯುವುದು. ಇದನ್ನೆಲ್ಲ ಮಕ್ಕಳೇ ಕಂಡುಕೊಳ್ಳಲಿ ಅಂತ ಕಾಯಲಿಲ್ಲ.

ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ. ಕುತೂಹಲದ ಹೆಸರಲ್ಲಿ ಶಿಕ್ಷಕರು ಕೈಕಟ್ಟಿ ಕೂರಬೇಕು ಅನ್ನುವ ಒಂದು ಭ್ರಮೆ ಇದೆ. 2006ರಲ್ಲಿ ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನುವ ಮೂವರು ಸಂಶೋಧಕರು ಇದನ್ನು ಕಟುವಾಗಿ ಟೀಕಿಸಿದರು. ಹೊಸಬರಿಗೆ ಮಾರ್ಗದರ್ಶನ ಕೊಡದೆ ಬಿಟ್ಟರೆ ಕಲಿಕೆ ಆಗುವುದಿಲ್ಲ, ತಲೆಗೆ ಹೊರೆ ಜಾಸ್ತಿ ಆಗುತ್ತದೆ ಅಂತ. ಮಾರನೇ ವರ್ಷ ಹ್ಮೆಲೊ-ಸಿಲ್ವರ್ ಮತ್ತು ಜೊತೆಗಾರರು ಉತ್ತರ ಕೊಟ್ಟರು: ಒಳ್ಳೆಯ ಶೋಧನೆಯ ತರಗತಿಯಲ್ಲಿ ಆಸರೆ ಬೇಕಾದಷ್ಟು ಇರುತ್ತದೆ, ಅದನ್ನು ಮಾರ್ಗದರ್ಶನ ಇಲ್ಲದ ಕಲಿಕೆ ಅನ್ನುವುದೇ ತಪ್ಪು ಅಂತ. ನನ್ನ ಅನುಭವದಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ಅಳೆಯಲು ಬಾರದ ಮಗುವಿಗೆ ತನ್ನ ಅಂಕಿಯ ಮೇಲೆ ನಂಬಿಕೆ ಇರುವುದಿಲ್ಲ. ನಂಬಿಕೆ ಇಲ್ಲದ ಅಂಕಿ ತಪ್ಪಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ, "ನಾವೇ ಏನೋ ತಪ್ಪು ಮಾಡಿದ್ವಿ" ಅಂತ ಮುಗಿಸುತ್ತಾರೆ. ಅಳೆಯುವ ಕೌಶಲವನ್ನು ಕೊಟ್ಟುಬಿಡಬೇಕು. ಯಾಕೆ ಅನ್ನುವುದನ್ನು ಮಾತ್ರ ಹಿಡಿದಿಟ್ಟುಕೊಳ್ಳಬೇಕು.

ಕಸದ ವಾದ ಮೊದಲು ಬಿತ್ತು. ಅದೇ ಬಾಟಲಿಗೆ ಮತ್ತೆ ಪೂರ್ತಿ ನೀರು ತುಂಬಿದರು. ಮೊದಲ ನಿಮಿಷ ಮತ್ತೆ 3.8. ಕಸ ಸಿಕ್ಕಿದ್ದರೆ ಈಗಲೂ ನಿಧಾನ ಆಗಬೇಕಿತ್ತಲ್ಲ? ಈ ಉಪಾಯ ಹೊಳೆದದ್ದು ಅವರಿಗೇ. ಗುಂಪಿನಲ್ಲಿ ಸದಾ ಹಿಂದೆ ಕೂರುವ ಒಬ್ಬ ಹುಡುಗನಿಗೆ.

ಸ್ಟಾಪ್‌ವಾಚ್‌ನ ವಾದ ಬೀಳಲು ಇಬ್ಬರು ಒಟ್ಟಿಗೆ ಸಮಯ ನೋಡಿದರೆ ಸಾಕಾಯಿತು. ಇಬ್ಬರ ನಡುವೆ ಒಂದು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಆರೋಪ ಹೊತ್ತಿದ್ದವನು ಆ ದಿನ ಪೂರ್ತಿ ಬೀಗುತ್ತಿದ್ದ.

ಉಂಗುರದ ವಾದಕ್ಕೆ ನೆಟ್ಟಗಿನ ಗೋಡೆಯ ಪಾರದರ್ಶಕ ಡಬ್ಬ ಬೇಕಾಯಿತು. ತೂತನ್ನು ನಾನೇ ಮಾಡಿಕೊಟ್ಟೆ. ಈ ಸಲ ಮೊದಲೇ ಗೆರೆ ಎಳೆಯಲಿಲ್ಲ. 18 ಸೆಂಟಿಮೀಟರ್ ನೀರು ತುಂಬಿ, ಪ್ರತಿ ನಿಮಿಷಕ್ಕೆ ನೀರು ಎಲ್ಲಿದೆ ಅಂತ ಗುರುತು ಹಾಕುತ್ತಾ ಹೋದರು. ಇಳಿದ ಅಳತೆ ಹೀಗೆ ಬಂತು: 2.9, 2.6, 2.4, 2.1, 1.9, 1.6 ಸೆಂಟಿಮೀಟರ್. ಡಬ್ಬ ನೆಟ್ಟಗಿದ್ದರೂ ಅದೇ ಚಾಳಿ. ಆದರೆ ಈಗ ಹೊಸದೊಂದು ಕಂಡಿತು. ಪ್ರತಿ ಸಲ ಎರಡೋ ಮೂರೋ ಮಿಲಿಮೀಟರ್ ಕಡಿಮೆ ಆಗುತ್ತಿದೆ. ಮನಸ್ಸಿಗೆ ಬಂದ ಹಾಗೆ ಅಲ್ಲ, ಒಂದು ಲೆಕ್ಕದಲ್ಲಿ.

ಈ ಹಾಳೆಯನ್ನು ಗಣಿತದ ಸರ್‌ಗೆ ತೋರಿಸಿದ್ದು ಮಕ್ಕಳೇ. ಅವರು ನೋಡಿ, ಏನೂ ವಿವರಿಸದೆ, "ಮುಂದಿನ ನಿಮಿಷ ಎಷ್ಟು ಬರುತ್ತೆ, ಮೊದಲೇ ಬರೆದಿಟ್ಟು ಆಮೇಲೆ ಅಳೀರಿ" ಅಂದರಂತೆ. ಒಂದು ವಾಕ್ಯ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಒಂದು ವಾಕ್ಯದಲ್ಲಿ ಮುಚ್ಚಿದ್ದನ್ನು ಅವರು ಒಂದು ವಾಕ್ಯದಲ್ಲಿ ತೆರೆದಿದ್ದರು. ಮಕ್ಕಳು 1.4 ಅಂತ ಬರೆದಿಟ್ಟರು. ಅಳೆದಾಗ 1.4 ಬಂತು. ಆ ಕಿರುಚಾಟಕ್ಕೆ ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ನಿಂತರು.

ಎರಡನೇ ಸಲ ಪ್ರಶ್ನೆ ಬರೆಸಿದ್ದು ಆ ದಿನ. ಈ ಸಲ ನಿಯಮ ಕಟ್ಟುನಿಟ್ಟು: ಉತ್ತರ ಹೇಳುವಂತಿಲ್ಲ, ಬೇರೆಯವರ ಪ್ರಶ್ನೆಗೆ ನಗುವಂತಿಲ್ಲ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು. ನೀರಿನ ಎರಡು ಗುಂಪಿನಿಂದ ಬಂದದ್ದು ಬರೀ 17 ಪ್ರಶ್ನೆ. ತೂತು ದೊಡ್ಡದಾದರೂ ಹೀಗೇ ಕಡಿಮೆ ಆಗುತ್ತಾ? ನೀರು ಯಾವಾಗಲೂ ಪೂರ್ತಿ ಇದ್ದರೆ ಏನಾಗುತ್ತೆ? ನೀರಿಗೆ ತನ್ನ ಮೇಲೆ ಎಷ್ಟು ನೀರಿದೆ ಅಂತ ಹೇಗೆ ಗೊತ್ತಾಗುತ್ತೆ? ಈ ಕೊನೆಯದನ್ನು ನಾನು ಪ್ರತ್ಯೇಕವಾಗಿ ಎತ್ತಿಟ್ಟುಕೊಂಡೆ. "ಒತ್ತಡ" ಅಂತ ನಾನು ಬೆನ್ನು ತಿರುಗಿಸಿ ಹೇಳಿದ್ದನ್ನು ಒಂದು ಮಗು ತನ್ನ ಮಾತಿನಲ್ಲಿ ಹೊಸದಾಗಿ ಕಂಡುಹಿಡಿಯುತ್ತಿತ್ತು. 17ಕ್ಕೂ ಯಜಮಾನರಿದ್ದರು. ಚೀಟಿ ಎತ್ತಿದ ತಕ್ಷಣ "ಅದು ನಂದು!" ಅನ್ನುತ್ತಿದ್ದರು.

ಒದ್ದೆ ಬಟ್ಟೆ ಮತ್ತು ಒಂದು ಜಗ್

ನಾನು ಎತ್ತಿಟ್ಟುಕೊಂಡ ಆ ಕೊನೆಯ ಪ್ರಶ್ನೆ ಕೇಳಿದವಳು ತೂತಿನ ಎದುರಿಗೆ ಕೂರುತ್ತಿದ್ದ ಹುಡುಗಿ. ಅಲ್ಲಿ ಕೂತಿದ್ದರಿಂದ ದಿನಾ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಬೇರೆ ಐದು ಜನ ನೀರಿನ ಮಟ್ಟ ನೋಡುತ್ತಿದ್ದರೆ ಇವಳು ಚಿಮ್ಮುವ ನೀರನ್ನು ನೋಡುತ್ತಿದ್ದಳು. "ಶುರುವಲ್ಲಿ ನನ್ನ ತನಕ ಬರುತ್ತೆ ಮಿಸ್. ಆಮೇಲೆ ಹತ್ರ ಹತ್ರ ಬೀಳುತ್ತೆ. ಕೊನೆಗೆ ಡಬ್ಬದ ಗೋಡೆಗೇ ಅಂಟಿಕೊಂಡು ಇಳಿಯುತ್ತೆ." ನೀರು ಹೊರಗೆ ಬರುವ ವೇಗವೇ ಕಡಿಮೆ ಆಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲಿ ಬರೆದಿಟ್ಟದ್ದೂ ಇದರ ಲೆಕ್ಕವನ್ನೇ. ವೇಗವು ನೀರಿನ ಎತ್ತರದ ವರ್ಗಮೂಲದಂತೆ ಬದಲಾಗುತ್ತದೆ. ಎತ್ತರ ಕಾಲು ಭಾಗಕ್ಕೆ ಇಳಿದರೆ ವೇಗ ಅರ್ಧ ಆಗುತ್ತದೆ. ಏಳನೇ ತರಗತಿಗೆ ಇದನ್ನು ನಾನು ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಬರಲಿಲ್ಲ.

"ನೀರು ಯಾವಾಗಲೂ ಪೂರ್ತಿ ಇದ್ದರೆ?" ಅನ್ನುವುದನ್ನು ಪರೀಕ್ಷೆ ಮಾಡಲು ಒಬ್ಬ ಜಗ್ ಹಿಡಿದು ನಿಂತ. ಮಟ್ಟ 18ರಿಂದ ಇಳಿಯದ ಹಾಗೆ ಮೇಲಿನಿಂದ ಸುರಿಯುತ್ತಲೇ ಇರುವುದು ಅವನ ಕೆಲಸ. ಕೆಳಗೆ ಅಳತೆ ಜಾಡಿ. ಪ್ರತಿ ನಿಮಿಷಕ್ಕೆ ಬಿದ್ದ ನೀರು: 190, 188, 192, 190 ಮಿಲಿಲೀಟರ್. ಸಮ! ಈಗ ಗೆರೆಯನ್ನು ಮೇಲಿನ ಡಬ್ಬದ ಮೇಲೆ ಅಲ್ಲ, ಕೆಳಗಿನ ಜಾಡಿಯ ಮೇಲೆ ಎಳೆದರೆ ಆಯಿತು.

ಇದು ಆದ ಮೇಲೆ ನಾನು ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್‌ನ ಕಥೆ ಹೇಳಿದೆ. ಕ್ರಿಸ್ತಪೂರ್ವ 3ನೇ ಶತಮಾನದ ಈ ಯಂತ್ರಗಾರ ನೀರಿನ ಗಡಿಯಾರವನ್ನು ಸುಧಾರಿಸಿದ್ದು ಇದೇ ದಾರಿಯಲ್ಲಿ, ಮೇಲಿನ ಪಾತ್ರೆಯ ಮಟ್ಟ ಬದಲಾಗದ ಹಾಗೆ ನೋಡಿಕೊಂಡು. "ಅವನೂ ಜಗ್ ಹಿಡ್ಕೊಂಡು ನಿಂತಿದ್ನಾ ಮಿಸ್?" ಅಂತ ಜಗ್ ಹುಡುಗ ಕೇಳಿದ. ಕೈ ನೋಯುತ್ತಿತ್ತು ಪಾಪ. ಹೆಚ್ಚಾದ ನೀರು ಪಕ್ಕದ ತೂತಿನಿಂದ ಹೊರಗೆ ಹೋಗುವ ಹಾಗೆ ಮಾಡಿದರೆ ಯಾರೂ ಲಕ್ಷ್ಯ ಕೊಟ್ಟು ಸುರಿಯಬೇಕಿಲ್ಲ ಅನ್ನುವುದನ್ನು ಅವನೇ ಎರಡು ದಿನದಲ್ಲಿ ಕಂಡುಕೊಂಡ. ಸೋಮಾರಿತನವೂ ಕೆಲವೊಮ್ಮೆ ಉಪಕಾರಿ. ಈ ಕಥೆಯನ್ನೇ ಮೊದಲ ದಿನ ಹೇಳಿದ್ದರೆ ಅದು ನೋಟ್ಸಿನ ಒಂದು ಸಾಲು ಆಗುತ್ತಿತ್ತು.

ಗೆದ್ದವರಿಗೆ ಪ್ರಶ್ನೆ ಇರಲಿಲ್ಲ

ಇಡೀ ಪ್ರಾಜೆಕ್ಟಿನಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಮರಳಿನ ಗುಂಪು. ಅವರು ಜರಡಿ ಹಿಡಿದ ಒಣ ಮರಳು ತೆಗೆದುಕೊಂಡು, ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ತಲೆಕೆಳಗಾಗಿ ಇಟ್ಟರು. ಕೆಳಗಿನ ಜಾಡಿಯಲ್ಲಿ ಪ್ರತಿ ನಿಮಿಷಕ್ಕೆ ಬೀಳುವ ಮರಳು ಹೆಚ್ಚೂಕಡಿಮೆ ಸಮವಾಗಿಯೇ ಇತ್ತು. ಮೂರನೇ ಪೀರಿಯಡ್‌ಗೇ "ನಮ್ದು ಮುಗೀತು ಮಿಸ್." ಉಳಿದ ದಿನ ಚಾರ್ಟ್ ಮಾಡಿದರು. ಅಂದವಾದ ಚಾರ್ಟ್. ಪ್ರಶ್ನೆ ಗೋಡೆಗೆ ಅವರಿಂದ ಒಂದು ಚೀಟಿಯೂ ಬರಲಿಲ್ಲ.

ಅವರ ಸಾಧನ ಕೆಲಸ ಮಾಡುತ್ತಿತ್ತು, ಯಾಕೆ ಕೇಳಬೇಕು? ನಾನೂ ಅವರನ್ನು ಒಳ್ಳೆಯ ಗುಂಪು ಅಂತಲೇ ಲೆಕ್ಕ ಹಾಕಿದ್ದೆ. ಪ್ರಾಜೆಕ್ಟ್ ಕಲಿಕೆಯ ದೊಡ್ಡ ಅಪಾಯ ಇದು ಅಂತ ನನಗೆ ಈಗ ಅನ್ನಿಸುತ್ತದೆ. ಮಾಡಿದ ವಸ್ತು ಚೆನ್ನಾಗಿ ಬಂದರೆ ಕಲಿಕೆಯೂ ಆಗಿದೆ ಅಂದುಕೊಳ್ಳುತ್ತೇವೆ.

ಒಂಬತ್ತನೇ ಪೀರಿಯಡ್‌ನಲ್ಲಿ ಎಲ್ಲ ಗುಂಪಿನ ಕೋಷ್ಟಕಗಳನ್ನು ಬೋರ್ಡಿಗೆ ಅಂಟಿಸಿದೆ. ಗುಂಪುಗಳು ಒಂದರ ಅಂಕಿ ಒಂದು ಓದಲಿ ಅಂತ. ಬಾಟಲಿ ಹುಡುಗ ಮರಳಿನ ಕೋಷ್ಟಕದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಜೋರಾಗಿಯೇ ಕೇಳಿದ: "ಮಿಸ್, ಮೇಲಿನ ಭಾರ ಕಡಿಮೆ ಆದ್ರೆ ನಿಧಾನ ಆಗ್ಬೇಕು ಅಲ್ವಾ? ಮರಳಿಗೂ ಭಾರ ಇದೆ. ಅದ್ಯಾಕೆ ನಿಧಾನ ಆಗಲ್ಲ?"

ತರಗತಿ ನನ್ನ ಕಡೆ ನೋಡಿತು. ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. "ನಂಗೂ ಗೊತ್ತಿಲ್ಲ ಕಣೋ" ಅಂದೆ. ಹೇಳುವಾಗ ಮುಖ ಸ್ವಲ್ಪ ಬಿಸಿ ಆಯಿತು. ಆದರೆ ಆಶ್ಚರ್ಯ ಏನು ಅಂದರೆ, ಮರಳಿನ ಗುಂಪಿನ ಮಕ್ಕಳು ಅವತ್ತೇ ಮೊದಲ ಸಲ ತಮ್ಮ ಬಾಟಲಿಯನ್ನು ಅನುಮಾನದಿಂದ ನೋಡಿದರು. ಚಾರ್ಟ್ ಪಕ್ಕಕ್ಕೆ ಹೋಯಿತು.

ಆ ರಾತ್ರಿ ಓದಿಕೊಂಡೆ. ಕಾಳಿನಂಥ ವಸ್ತು ಕೊಳವೆಯಲ್ಲಿದ್ದಾಗ ಮೇಲಿನ ಭಾರದ ದೊಡ್ಡ ಪಾಲು ಕಾಳಿಂದ ಕಾಳಿಗೆ ದಾಟಿ, ಉಜ್ಜಾಟದ ಮೂಲಕ ಗೋಡೆಯ ಮೇಲೆ ಬೀಳುತ್ತದೆ. ತಳಕ್ಕೆ ಎಲ್ಲ ಭಾರವೂ ಮುಟ್ಟುವುದೇ ಇಲ್ಲ. ಧಾನ್ಯ ತುಂಬುವ ಎತ್ತರದ ಕಣಜಗಳ ಬಗ್ಗೆ ಕೆಲಸ ಮಾಡಿದ ಜರ್ಮನಿಯ ಇಂಜಿನಿಯರ್ ಯಾನ್ಸೆನ್ 1895ರಲ್ಲೇ ಇದನ್ನು ಬರೆದಿದ್ದ. ಮರಳು ಸುರಿಯುವ ವೇಗ ಹೆಚ್ಚಾಗಿ ತೂತಿನ ಅಗಲ ಮತ್ತು ಕಾಳಿನ ಗಾತ್ರವನ್ನು ನೆಚ್ಚಿಕೊಂಡಿರುತ್ತದೆ, ಮೇಲೆ ಎಷ್ಟು ಮರಳಿದೆ ಅನ್ನುವುದನ್ನಲ್ಲ.

ಮರುದಿನ ಇದನ್ನು ಹೇಳಲಿಲ್ಲ. ಒಂದು ರಟ್ಟಿನ ಕೊಳವೆ, ಒಂದು ಟಿಶ್ಯೂ ಹಾಳೆ, ಒಂದು ರಬ್ಬರ್ ಬ್ಯಾಂಡ್, ಒಂದು ಕೋಲು ಕೊಟ್ಟೆ. ಕೊಳವೆಯ ಒಂದು ಬಾಯಿಗೆ ಟಿಶ್ಯೂ ಕಟ್ಟಿ, ಒಳಗೆ ಮುಕ್ಕಾಲು ಭಾಗ ಮರಳು ತುಂಬಿ, ಮೇಲಿನಿಂದ ಕೋಲಿನಲ್ಲಿ ಒತ್ತಿ ಟಿಶ್ಯೂ ಹರಿಯಿರಿ ಅಂದೆ. ಹರಿಯಲಿಲ್ಲ. ತರಗತಿಯ ಅತಿ ಗಟ್ಟಿಗ ಬಂದು ಮೈಭಾರ ಹಾಕಿ ಒತ್ತಿದ. ಹರಿಯಲಿಲ್ಲ. ಮರಳು ತೆಗೆದು ಬರೀ ಕೋಲಿನಲ್ಲಿ ಮುಟ್ಟಿದರೆ ಟಿಶ್ಯೂ ಚಿಂದಿ. ಹತ್ತು ನಿಮಿಷದ ಮೇಲೆ ಮರಳಿನ ಗುಂಪಿನ ಒಬ್ಬಳು ಕೊಳವೆಯನ್ನು ಕೈಯಲ್ಲಿ ಹಿಡಿದು "ಒತ್ತಿದ್ರೆ ಇದು ಹೊಟ್ಟೆ ಉಬ್ಬಿಸುತ್ತೆ, ಪಕ್ಕಕ್ಕೆ ತಳ್ತಾ ಇದೆ" ಅಂದಳು. ಅಲ್ಲಿಂದ ಮುಂದೆ ಅವರನ್ನು ನಿಲ್ಲಿಸುವುದೇ ಕಷ್ಟ ಆಯಿತು.

ಲೆಕ್ಕ ಕೂಡಿದ್ದು, ಕೂಡದ್ದು

ಎಂಟು ಪೀರಿಯಡ್‌ನ ಪ್ರಾಜೆಕ್ಟ್ ಹದಿಮೂರು ತಿಂದಿತು. ಮುಂದಿನ ಪಾಠವನ್ನು ಓಡಿಸಿಕೊಂಡು ಮುಗಿಸಿದೆ, ಅದು ಚೆನ್ನಾಗಿ ಆಗಲಿಲ್ಲ. ಸಿಲಬಸ್ ಮುಗಿಸುವ ಒತ್ತಡ ಇರುವವರಿಗೆ ವರ್ಷಕ್ಕೆ ಇಂಥದ್ದು ಒಂದೋ ಎರಡೋ ಸಾಧ್ಯ. ಎಲ್ಲ ಪಾಠವನ್ನೂ ಹೀಗೇ ಮಾಡಿ ಅನ್ನುವವರು ಬಹುಶಃ ತರಗತಿ ಬಿಟ್ಟು ಬಹಳ ದಿನ ಆಗಿರುತ್ತದೆ.

ಲೋಲಕದ ಒಂದು ಗುಂಪು ಕೊನೆಯವರೆಗೂ ಬೇಸರದಲ್ಲೇ ಇತ್ತು. ಅವರಿಗೆ ನಾನು ಸಮಯ ಕೊಡಲೇ ಇಲ್ಲ, ನೀರಿನ ಸುತ್ತಲೇ ಸುತ್ತುತ್ತಿದ್ದೆ. ದಾರ ಉದ್ದ ಮಾಡಿದರೆ ಏನಾಗುತ್ತೆ ಅಂತ ಅವರಲ್ಲಿ ಒಬ್ಬ ಎರಡು ಸಲ ಕೇಳಲು ಬಂದಿದ್ದ. ಎರಡೂ ಸಲ "ಆಮೇಲೆ ಬಾ" ಅಂದೆ. ಆಮೇಲೆ ಅವನು ಬರಲಿಲ್ಲ.

ಮಾರ್ಕ್ಸ್ ವಿಚಾರದಲ್ಲಿ ನಡುದಾರಿಯಲ್ಲಿ ನಿಯಮ ಬದಲಾಯಿಸಿದೆ. ಮೊದಲು ಹಾಕಿಕೊಂಡಿದ್ದ ಪಟ್ಟಿಯಲ್ಲಿ ಸಾಧನದ ನಿಖರತೆಗೆ 10, ಚಾರ್ಟಿಗೆ 5, ವಿವರಣೆಗೆ 5 ಇತ್ತು. ಇದರ ಪ್ರಕಾರ ಬಾಟಲಿ ಗುಂಪು ಸೋಲಬೇಕು, ಸುಮ್ಮನೆ ಕೂತಿದ್ದ ಮರಳಿನ ಗುಂಪು ಗೆಲ್ಲಬೇಕು. ನಿಖರತೆಯನ್ನು 5ಕ್ಕೆ ಇಳಿಸಿ, ಉಳಿದ 5ನ್ನು "ನಾವು ಮೊದಲು ಏನು ಅಂದುಕೊಂಡಿದ್ದೆವು, ಅದು ಯಾಕೆ ತಪ್ಪಾಯಿತು" ಅನ್ನುವ ಒಂದು ಪುಟಕ್ಕೆ ಇಟ್ಟೆ. ಮೇಣದಬತ್ತಿಯವರು ಜಗಳಕ್ಕೆ ಬಂದರು: "ನಮ್ಮದು ಎಲ್ಲಾ ಸರಿ ಬಂತು, ನಾವು ಏನು ಬರೆಯೋದು?" ನ್ಯಾಯವಾದ ಮಾತೇ. ಶುರುವಿನಲ್ಲೇ ಹೇಳಬೇಕಿತ್ತು.

ಕೊನೆಯ ಪೀರಿಯಡ್ ಮುಗಿದ ಮೇಲೂ ಒದ್ದೆ ಬಟ್ಟೆಯ ಹುಡುಗಿ ಹೋಗಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ಇತ್ತು. ಜಗ್ ಬೇಡ, ಸುರಿಯುವುದು ಬೇಡ, ಡಬ್ಬದ ಆಕಾರವನ್ನೇ ಬದಲಾಯಿಸಿದರೆ ಗೆರೆಗಳು ಸಮ ಬರುತ್ತವಾ? ಕೆಳಗೆ ನೀರು ನಿಧಾನ ಆಗುತ್ತೆ ಅಂದರೆ ಅಲ್ಲಿ ಜಾಗವೂ ಕಡಿಮೆ ಇರಲಿ. ನನಗೆ ಮೈ ಜುಮ್ಮೆಂದಿತು. ಈಜಿಪ್ಟಿನ ಕಾರ್ನಾಕ್‌ನಲ್ಲಿ ಸಿಕ್ಕ ಸುಮಾರು 3,400 ವರ್ಷ ಹಳೆಯ ನೀರಿನ ಗಡಿಯಾರದ ಪಾತ್ರೆ ಹಾಗೇ ಇದೆ, ಮೇಲೆ ಅಗಲ, ಕೆಳಗೆ ಕಿರಿದು.

ಅವಳು ದೊಡ್ಡ ಆಲಿಕೆಯೊಂದನ್ನು ತೆಗೆದುಕೊಂಡು, ಅದರ ಕೆಳಗಿನ ಬಾಯಿಗೆ ತೂತಿನ ಮುಚ್ಚಳ ಸಿಕ್ಕಿಸಿ ಪರೀಕ್ಷೆ ಮಾಡಿದಳು. ಸಮ ಬರಲಿಲ್ಲ. ಆದರೆ ಈ ಸಲ ತಪ್ಪು ತಿರುಗಾಮುರುಗಾ. ಮೇಲೆ ನಿಧಾನವಾಗಿ ಇಳಿದ ನೀರು ಕೆಳಗೆ ಬಂದಂತೆ ಗಬಕ್ಕನೆ ಖಾಲಿ ಆಯಿತು. ಡಬ್ಬದಲ್ಲಿ ಕೆಳಗೆ ನಿಧಾನ, ಆಲಿಕೆಯಲ್ಲಿ ಕೆಳಗೆ ಜೋರು. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ಒಂದು ಆಕಾರ ಬರೆದಳು. ಕೆಳಗೆ ಬಟ್ಟಲಿನ ಹಾಗೆ ದುಂಡಗೆ, ಮೇಲೆ ಹೋದಂತೆ ಗೋಡೆ ನೆಟ್ಟಗೆ. ಅಳಿಸಿದಳು, ಮತ್ತೆ ಬರೆದಳು.

ಸರಿಯಾದ ಆಕಾರದ ಲೆಕ್ಕ ನನಗೆ ಅಷ್ಟರಲ್ಲಿ ಗೊತ್ತಿತ್ತು. ಎತ್ತರವು ಅಗಲದ ನಾಲ್ಕನೇ ಘಾತದಂತೆ ಏರಬೇಕು. ಅವಳು ಬರೆದದ್ದು ಅದಕ್ಕೆ ಬಹಳ ಹತ್ತಿರ ಇತ್ತು. ತುಟಿಯ ತನಕ ಬಂತು.

"ಗ್ರಾಫ್ ಹಾಳೆ ಬೇಕಾ?" ಅಂದೆ.

"ಎರಡು ಕೊಡಿ ಮಿಸ್," ಅಂದಳು, ತಲೆ ಎತ್ತದೆ.